ನಾಯಿ ಬೆರಳಿನ ಗಾಯಕ್ಕೆ ಕೊಟ್ಟಿಗೆ ಔಷಧಿ ಬೇಡ

ನಮ್ಮ ಕೆಂಚನ ಮುಂಗಾಲಿನ ಬೆರಳು ವಾಸಿಯಾಗ್ತಾ ಇದೆ. ಇವತ್ತಿಗೆ ಹದಿನೆಂಟು ದಿನ. ಇಷ್ಟೂ ದಿನ ಡೇರಿ ಹತ್ರ, ಗೊಬ್ಬರದಂಗಡಿ ಹತ್ರ ಸಿಕ್ಕಿದವರೆಲ್ಲ "ಏನಣ್ಣ, ನಾಯಿಗೆ ಸಾಕ್ಸ್ ಹಾಕಿದ್ದೀಯಂತೆ?" ಅಂತ ನಕ್ಕರು. ನಗಲಿ ಬಿಡಿ. ಹಂಗೆ ನಕ್ಕವರಲ್ಲೇ ಇಬ್ಬರು ರಾತ್ರಿ ಫೋನ್ ಮಾಡಿ, "ನಮ್ಮ ನಾಯೀನೂ ಕುಂಟ್ತಾ ಇದೆ, ನೀನು ಏನ್ ಹಚ್ಚಿದೆ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದ್ದೀನಿ. ಉದ್ದ ಆಗುತ್ತೆ, ಸಾಯಂಕಾಲ ಹಾಲು ಕರೆದು ಮುಗಿಸಿ ಕೂತ್ಕೊಂಡು ಓದಿ.

"ಏನ್ ಹಚ್ಚಿದೆ" ಅನ್ನೋ ಪ್ರಶ್ನೆಯಲ್ಲೇ ನಾವು ದಾರಿ ತಪ್ಪುತ್ತೀವಿ ಅನ್ನೋದು ನನ್ನ ಅಭಿಪ್ರಾಯ. ಬೆರಳಿನ ಗಾಯದಲ್ಲಿ ಹಚ್ಚೋ ಕೆಲಸ ಕಮ್ಮಿ. ತೊಳೆಯೋದು, ಒಣಗಿಸೋದು, ನಾಯೀನ ಒಂದು ಕಡೆ ಕಟ್ಟಿಹಾಕೋದು, ದಿನಕ್ಕೆರಡು ಸಲ ಬಿಚ್ಚಿ ನೋಡೋದು, ಇದೇ ಮುಕ್ಕಾಲು ಭಾಗ. ಆದರೆ ನಮಗೆ ಕೊಟ್ಟಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನ ಸುರಿಯೋದು ಸುಲಭ. ಸೀಮೆಎಣ್ಣೆ, ಟರ್ಪೆಂಟೈನ್, ಫಿನಾಯಿಲ್, ಟ್ರ್ಯಾಕ್ಟರಿನ ಸುಟ್ಟ ಆಯಿಲ್, ಮೈಲುತುತ್ತು, ಸುಣ್ಣ, ಹೊಗೆಸೊಪ್ಪು. ಇದರಲ್ಲಿ ಒಂದನ್ನಾದರೂ ಹಾಕದ ಮನೆ ನಮ್ಮ ಸುತ್ತಮುತ್ತ ಇದೆಯಾ? ನಮ್ಮ ಮನೆಯಂತೂ ಅಲ್ಲ.

ಆಗಿದ್ದು ಇಷ್ಟು. ರಾಗಿ ಕಟಾವು ಮುಗಿದ ವಾರ. ರಾತ್ರಿ ಹೆಗ್ಗಣ ಅಟ್ಟಿಸಿಕೊಂಡು ಹೋದ ಕೆಂಚ ಪಕ್ಕದ ಲೇಔಟಿನ ಚೈನ್‌ಲಿಂಕ್ ಬೇಲಿ ಹತ್ತೋಕೆ ಹೋಗಿದ್ದಾನೆ. ತಂತಿಯಲ್ಲಿ ಉಗುರು ಸಿಕ್ಕಿಕೊಂಡು, ಎಡಗಾಲಿನ ಹೊರಗಿನ ಬೆರಳಿನ ಉಗುರು ಬುಡದವರೆಗೂ ಸೀಳಿ ಒಂದು ಕಡೆ ನೇತಾಡ್ತಾ ಇತ್ತು. ಜಗಲಿ ತುಂಬಾ ರಕ್ತ. ನಾಯಿ ಉಗುರಿನ ಒಳಗೆ ರಕ್ತನಾಳ, ನರ ಎರಡೂ ಬುಡದಿಂದ ಸುಮಾರು ದೂರ ಬಂದಿರುತ್ತೆ. ಕಪ್ಪು ಉಗುರಾದರೆ ಅದು ಎಲ್ಲಿವರೆಗೆ ಇದೆ ಅಂತ ಹೊರಗಿಂದ ಕಾಣೋದೂ ಇಲ್ಲ. ಹಂಗಾಗಿ ಸಣ್ಣ ಉಗುರು ಮುರಿದರೂ ರಕ್ತ ಬಹಳ ಬರುತ್ತೆ, ನೋವೂ ಬಹಳ.

ಅಮ್ಮ ಓಡಿಬಂದು ಅರಿಶಿನದ ಡಬ್ಬ ತೆಗೆದಳು. ನಾನು ತಡೆದೆ. ಅರಿಶಿನದ ಮೇಲೆ ನನಗೆ ಸಿಟ್ಟಿಲ್ಲ, ಅಡುಗೆಗೆ ಚೆನ್ನಾಗಿರುತ್ತೆ. ಆದರೆ ತೆರೆದ ಗಾಯಕ್ಕೆ ಅರಿಶಿನವೋ ಕಾಫಿ ಪುಡಿಯೋ ಮೆತ್ತಿದರೆ ಅದು ರಕ್ತದ ಜೊತೆ ಹೆಪ್ಪುಗಟ್ಟಿ ಗಟ್ಟಿ ಹೆಕ್ಕಳೆ ಆಗುತ್ತೆ. ಒಳಗೆ ಮಣ್ಣಿದೆಯಾ, ಗಾಜಿದೆಯಾ, ಕೀವಾಗ್ತಾ ಇದೆಯಾ, ಒಂದೂ ಕಾಣಲ್ಲ. ಮಾರನೇ ದಿನ ಡಾಕ್ಟ್ರು ಅದನ್ನ ಕೆರೆದು ತೆಗೀಬೇಕು, ನಾಯಿಗೆ ಎರಡನೇ ಸಲ ನೋವು.

ಮೊದಲು ಬಾಯಿ ಕಟ್ಟಿ. ಇದನ್ನ ನಾಚಿಕೆ ಇಲ್ಲದೆ ಹೇಳ್ತೀನಿ. ನಿಮ್ಮ ಕೈಯಲ್ಲೇ ಅನ್ನ ತಿಂದು ಬೆಳೆದ ನಾಯಿ ಆದರೂ ನೋವಿನಲ್ಲಿ ಕಚ್ಚುತ್ತೆ, ಅದರ ತಪ್ಪಲ್ಲ. ಹಳೇ ವೇಲ್ ತಗೊಂಡು ಮೂತಿಗೆ ಒಂದು ಸುತ್ತು, ಗದ್ದದ ಕೆಳಗೆ ಒಂದು ಸುತ್ತು, ಆಮೇಲೆ ಕಿವಿ ಹಿಂದೆ ಗಂಟು. ನಾಯಿ ವಾಂತಿ ಮಾಡ್ತಿದ್ದರೆ, ಏದುಸಿರು ಬಿಡ್ತಿದ್ದರೆ ಮಾತ್ರ ಕಟ್ಟಬೇಡಿ, ಉಸಿರು ಕಟ್ಟುತ್ತೆ. ಕೆಲಸ ಆದ ತಕ್ಷಣ ಬಿಚ್ಚಬೇಕು. ಅಕಸ್ಮಾತ್ ಕಚ್ಚಿದರೆ ಸೋಪು ಹಾಕಿ ಹರಿಯೋ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಮನೆ ನಾಯಿ ಅಲ್ವಾ ಅಂತ ಸುಮ್ಮನಿರಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸೋ ಔಷಧಿ ಇಲ್ಲ. ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ತಾರೀಕು ಬಾಯಿಪಾಠ ಇರೋ ನಮಗೆ ನಾಯಿಗೆ ರೇಬಿಸ್ ಲಸಿಕೆ ಯಾವ ವರ್ಷ ಹಾಕಿಸಿದ್ದು ಅಂತ ಕೇಳಿದರೆ ತಲೆ ಕೆರ್ಕೋತೀವಿ.

ಆಮೇಲೆ ಒಗೆದ ಹತ್ತಿ ಬಟ್ಟೆ ಮಡಿಸಿ ಬೆರಳಿನ ಮೇಲೆ ಒತ್ತಿ ಹಿಡಿದೆ. ಹತ್ತು ನಿಮಿಷ, ಮೊಬೈಲಿನಲ್ಲಿ ಟೈಮ್ ನೋಡಿಕೊಂಡು. ನಿಂತಿತಾ ನಿಂತಿತಾ ಅಂತ ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಕಟ್ಟಿದ ಹೆಪ್ಪು ಕಿತ್ತು ಬಂದು ಮತ್ತೆ ಮೊದಲಿಂದ. ನೇತಾಡ್ತಿದ್ದ ಉಗುರನ್ನ ನಾನು ಮುಟ್ಟಲಿಲ್ಲ. ಪಕ್ಕದ ತೋಟದ ಅಣ್ಣ "ಇಕ್ಕಳ ತಾ, ಒಂದೇ ಏಟಿಗೆ ಕಿತ್ತುಬಿಡೋಣ" ಅಂದರು. ನಮ್ಮ ಬೆರಳಿಗೆ ಹಂಗೆ ಮಾಡಿಸ್ಕೋತೀವಾ? ಬೆಳಿಗ್ಗೆ ಪಶು ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟ್ರು ಜಾಗ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಉಗುರು ತೆಗೆದರು, ತೂಕ ನೋಡಿ ಮಾತ್ರೆ ಬರೆದರು. ಅಲ್ಲಿಂದ ಮುಂದಿನದೆಲ್ಲ ಮನೆ ಕೆಲಸ.

ನೀರು ಕುದಿಸಿ ಉಗುರುಬೆಚ್ಚಗೆ ಆರಿಸಿ, ಅರ್ಧ ಲೀಟರಿಗೆ ಒಂದು ಟೀ ಚಮಚ ಉಪ್ಪು. ಇಷ್ಟೇ ಅಳತೆ. ಜಾಸ್ತಿ ಹಾಕಿದರೆ ಉರಿಯುತ್ತೆ, ಮಾರನೇ ದಿನ ನಾಯಿ ನಿಮ್ಮನ್ನ ಕಂಡರೆ ಓಡುತ್ತೆ. ಒಂದು ಚೊಂಬಿನಲ್ಲಿ ಕಾಲು ಅದ್ದಿ ಐದು ನಿಮಿಷ. ಆಮೇಲೆ ಒಣಗಿಸೋದು. ಇಲ್ಲೇ ನಾವೆಲ್ಲ ಸೋಲೋದು. ಬೆರಳ ಸಂದಿಯಲ್ಲಿ ಕೂದಲು, ತೇವ, ಬೆವರು ಎಲ್ಲ ಸೇರಿರುತ್ತೆ (ನಾಯಿ ಬೆವರೋದೇ ಹೆಚ್ಚಾಗಿ ಅಂಗಾಲಿನಲ್ಲಿ). ಒಂದೊಂದೇ ಸಂದಿ ಬಿಡಿಸಿ ಒರೆಸಬೇಕು. ಮೆಡಿಕಲ್ ಸ್ಟೋರಿನಲ್ಲಿ ಸಿಗೋ ಪೊವಿಡೋನ್ ಅಯೋಡಿನ್ ದ್ರಾವಣವನ್ನ ನೀರು ಬೆರೆಸಿ ತೆಳು ಟೀ ಬಣ್ಣಕ್ಕೆ ತಂದು ಹಚ್ಚಿದೆ. ಗಟ್ಟಿಯಾಗಿ ಹಚ್ಚಿದರೆ ಬೇಗ ವಾಸಿ ಅನ್ನೋದು ಸುಳ್ಳು. ನೊರೆ ಬರುತ್ತೆ ಅಂತ ಹೈಡ್ರೋಜನ್ ಪೆರಾಕ್ಸೈಡ್ ದಿನಾ ಹಾಕೋರೂ ಇದ್ದಾರೆ, ಅದು ಹೊಸದಾಗಿ ಕೂಡ್ತಾ ಇರೋ ಚರ್ಮಾನೂ ಸುಡುತ್ತೆ. ಬೇವಿನ ಎಲೆ ಕುದಿಸಿ ಸೋಸಿದ ನೀರಲ್ಲಿ ತೊಳೀತೀನಿ ಅನ್ನೋರ ಜೊತೆ ನನಗೆ ಜಗಳ ಇಲ್ಲ. ಎಲೆ ಅರೆದು ಗಾಯದೊಳಗೆ ತುಂಬೋರ ಜೊತೆ ಇದೆ.

ಬ್ಯಾಂಡೇಜ್ ವಿಷಯ. ಬೆರಳುಗಳ ಮಧ್ಯೆ ಸ್ವಲ್ಪ ಹತ್ತಿ ಇಟ್ಟು, ಗಾಯದ ಮೇಲೆ ಗಾಜ್ ಬಟ್ಟೆ, ಅದರ ಮೇಲೆ ಸಡಿಲವಾಗಿ ಸುತ್ತು. ಬಿಗಿಯಾಗಿದೆಯಾ ಅಂತ ತಿಳಿಯೋಕೆ ಡಾಕ್ಟ್ರು ಒಂದು ಗುರುತು ಹೇಳಿಕೊಟ್ಟರು. ಮಧ್ಯದ ಎರಡು ಬೆರಳಿನ ತುದಿ ಹೊರಗೆ ಕಾಣೋ ಹಂಗೆ ಬಿಡಬೇಕು. ಆ ಎರಡು ಉಗುರು ಒಂದರಿಂದ ಒಂದು ದೂರ ಸರಿದಿದ್ದರೆ, ಬೆರಳು ಊದಿದೆ, ಕೂಡ್ಲೇ ಬಿಚ್ಚಬೇಕು. ರಬ್ಬರ್ ಬ್ಯಾಂಡ್, ದಾರ ಯಾವುದೂ ಕಟ್ಟಬೇಡಿ, ಕೂದಲಿನೊಳಗೆ ಹೂತುಹೋದರೆ ಬೆರಳೇ ಕೊಳೆಯುತ್ತೆ. ಮೇಲೆ ಮಗಳ ಹಳೇ ಸ್ಕೂಲ್ ಸಾಕ್ಸ್. ಊರೆಲ್ಲ ನಕ್ಕಿದ್ದು ಇದಕ್ಕೇ. ಹೊರಗೆ ಬಿಡುವಾಗ ಅದರ ಮೇಲೆ ತೊಳೆದ ಹಾಲಿನ ಕವರ್, ವಾಪಸ್ ಬಂದ ತಕ್ಷಣ ತೆಗೀಬೇಕು. ಕವರ್ ಹಾಕೇ ಬಿಟ್ಟರೆ ಒಳಗೆ ಬೆವರಿ ಗಾಯ ಬೆಳ್ಳಗೆ ನೆನೆದುಹೋಗುತ್ತೆ. ಬ್ಯಾಂಡೇಜ್ ಒದ್ದೆಯಾಯ್ತು, ನಾತ ಬಂತು ಅಂದರೆ ನಾಳೆಗೆ ಇಡಬೇಡಿ.

"ನಾಯಿ ನೆಕ್ಕಿದರೆ ತಾನೇ ವಾಸಿಯಾಗುತ್ತೆ" ಅಂತ ನಮ್ಮ ತಾತನ ಕಾಲದಿಂದ ಹೇಳ್ತಾರೆ. ಒಂದೆರಡು ಸಲ ನೆಕ್ಕಿದರೆ ಮಣ್ಣು ಹೋಗುತ್ತೆ, ಒಪ್ಕೋತೀನಿ. ಆದರೆ ಕಟ್ಟಿಹಾಕಿದ ನಾಯಿಗೆ ಬೇರೆ ಕೆಲಸ ಇಲ್ಲ, ಇಡೀ ರಾತ್ರಿ ನೆಕ್ಕುತ್ತೆ. ಆ ಒರಟು ನಾಲಿಗೆಗೆ ಗಾಯ ಕೂಡೋಕೆ ಎಲ್ಲಿ ಬಿಡುವು? ಪೇಂಟ್ ಬಕೆಟ್ಟಿನ ತಳ ಕೊಯ್ದು, ಅಂಚಿಗೆ ಬಟ್ಟೆ ಹೊಲಿದು ಕೊರಳಿಗೆ ಹಾಕಿದೆ. ಮೊದಲ ದಿನ ಗೋಡೆಗೆಲ್ಲ ಗುದ್ದಿಕೊಂಡು ತಿರುಗಿದ, ಎರಡನೇ ದಿನ ಅಭ್ಯಾಸ ಆಯ್ತು. ಊಟದ ಹೊತ್ತಿಗೆ ಮಾತ್ರ ತೆಗೀತಿದ್ದೆ. ಮಲಗೋಕೆ ಒಣ ಜಗಲಿ ಮೇಲೆ ಗೋಣಿಚೀಲ. ಕೊಟ್ಟಿಗೆಯಲ್ಲಿ ಗಂಜಲ, ಸಗಣಿ ಮಧ್ಯೆ ಕಟ್ಟಿದರೆ ಬ್ಯಾಂಡೇಜ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಈಗ ನಾನು ಯಾಕೆ ಇಷ್ಟು ಕೊರೀತಾ ಇದ್ದೀನಿ ಅಂತ ಹೇಳ್ತೀನಿ. ಕೆಂಚನಿಗೆ ಮುಂಚೆ ಕರಿಯ ಅಂತ ಒಂದು ನಾಯಿ ಇತ್ತು. ಅದಕ್ಕೂ ಬೆರಳಿಗೇ ಗಾಯ. ಕುಂಟೋದು ನೋಡೋಕಾಗದೆ, ನನ್ನ ಸೊಂಟನೋವಿಗೆ ತಂದಿದ್ದ ಡೈಕ್ಲೋಫೆನಾಕ್ ಮಾತ್ರೆ ಮುದ್ದೆಯಲ್ಲಿ ಇಟ್ಟು ಕೊಟ್ಟೆ. ಸ್ವಲ್ಪ ಕುಂಟು ಕಮ್ಮಿಯಾದ ಹಂಗೆ ಕಾಣಿಸ್ತು, ಮಾರನೇ ದಿನ ಬೆಳಿಗ್ಗೆ ಒಂದು, ಸಾಯಂಕಾಲ ಒಂದು ಕೊಟ್ಟೆ. ಮೂರನೇ ದಿನ ವಾಂತಿ, ಆಮೇಲೆ ಟಾರಿನ ಹಂಗೆ ಕಪ್ಪು ಭೇದಿ. ಡಾಕ್ಟ್ರ ಹತ್ರ ಎತ್ಕೊಂಡು ಹೋಗೋ ಹೊತ್ತಿಗೆ ತಡ ಆಗಿತ್ತು. ಅವರು ಕೇಳಿದ ಮೊದಲ ಪ್ರಶ್ನೆ "ಏನು ಮಾತ್ರೆ ಕೊಟ್ಟಿದ್ದೀರಿ?" ಕರಿಯನ ಬೆರಳು ಚೆನ್ನಾಗೇ ವಾಸಿಯಾಗ್ತಾ ಇತ್ತು. ಹುಣಸೆಮರದ ಕೆಳಗೆ ಗುಂಡಿ ತೋಡುವಾಗ ನಾನು ನೋಡಿದೆ.

ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತೆ, ಮೂತ್ರಪಿಂಡ ಕೆಡಿಸುತ್ತೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ಹಂಗೇ. ಪ್ಯಾರಾಸಿಟಮಾಲ್ ಲಿವರಿಗೂ ರಕ್ತಕ್ಕೂ ಹೊಡೆತ, ಬೆಕ್ಕಿಗಂತೂ ಚೂರು ಸಾಕು. ಈ ಡೈಕ್ಲೋಫೆನಾಕ್ ಕಥೆ ನಾಯಿಗೆ ನಿಲ್ಲಲ್ಲ. ದನಗಳಿಗೆ ಕೊಟ್ಟಿದ್ದ ಇದೇ ಔಷಧಿ, ಸತ್ತ ದನದ ಮಾಂಸದ ಮೂಲಕ ಹೋಗಿ ದೇಶದ ರಣಹದ್ದುಗಳನ್ನ ಬಹುಪಾಲು ಮುಗಿಸಿತು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಇದನ್ನ ಬಳಸೋದನ್ನೇ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದಿಗೆ ಅಂತಲೇ ಒಂದು ಧಾಮ ಮಾಡಿ ಕಾಪಾಡೋ ಕಾಲ ಬಂತು. ಅಷ್ಟು ದೊಡ್ಡ ಹಕ್ಕಿಯನ್ನ ಉರುಳಿಸಿದ ಔಷಧಿಯನ್ನ ನಾನು ಮುದ್ದೆಯಲ್ಲಿಟ್ಟು ಕೊಟ್ಟಿದ್ದೆ.

ಹಂಗಾಗಿ ನನ್ನ ಲೆಕ್ಕದಲ್ಲಿ ಮನೆ ಆರೈಕೆ ಅಂದರೆ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋದೂ ಅದರಲ್ಲೇ ಸೇರಿದೆ. ಕಾಲು ಗಂಟೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಬೆರಳು ಒಂದು ಕಡೆ ತಿರುಗಿದ್ದರೆ, ಒಂದು ದಿನ ಆದರೂ ಕಾಲು ನೆಲಕ್ಕೆ ಊರದಿದ್ದರೆ, ಕೀವು, ನಾತ, ಬಿಸಿ ಊತ ಕಂಡರೆ, ಊಟ ಬಿಟ್ಟರೆ, ಗಾಯದಲ್ಲಿ ಹುಳ ಬಿದ್ದರೆ ನೀವು ಕೈಯೆತ್ತಿ ಡಾಕ್ಟ್ರ ಹತ್ರ ಹೋಗಬೇಕು. ಹುಳಕ್ಕೆ ಅಂತ ಫಿನಾಯಿಲ್ ಸುರಿದರೆ ಹುಳ ಸಾಯೋ ಮುಂಚೆ ನಾಯಿ ಅದನ್ನ ನೆಕ್ಕುತ್ತೆ. ಇನ್ನೊಂದು, ವಯಸ್ಸಾದ ನಾಯಿಗೆ ಯಾವ ಏಟೂ ಇಲ್ಲದೆ ಒಂದೇ ಬೆರಳು ಊದಿ, ಎರಡು ಮೂರು ವಾರ ಆದರೂ ಇಳಿಯದಿದ್ದರೆ ಮುಳ್ಳು ಅಂತ ಕೆದಕ್ತಾ ಕೂರಬೇಡಿ. ಉಗುರಿನ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಬರೋದುಂಟು. ಬೇಗ ಗೊತ್ತಾದರೆ ಬೆರಳು ತೆಗೆದು ನಾಯಿ ಉಳಿಸಬಹುದು. ನಾಯಿಯ ಭಾರ ಹೆಚ್ಚಾಗಿ ಮಧ್ಯದ ಎರಡು ಬೆರಳ ಮೇಲೆ ಬೀಳುತ್ತೆ, ಪಕ್ಕದ ಒಂದು ಬೆರಳು ಹೋದರೂ ಚೆನ್ನಾಗಿ ಓಡುತ್ತೆ.

ದೂರ ಅನ್ನೋ ನೆಪ ನಮಗಿಲ್ಲ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ವೆಟರ್ನರಿ ಕಾಲೇಜು ಇದೆ, 1958ರಿಂದ ಇರೋದು. ಯಲಹಂಕ ದಾಟಿದರೆ ಬಂತು. ಅಲ್ಲಿ ಬರೀ ಸಿಟಿಯವರ ಲ್ಯಾಬ್ರಡಾರ್ ನೋಡ್ತಾರೆ ಅಂತ ನಮ್ಮಲ್ಲಿ ಒಂದು ಅಂಜಿಕೆ. ನಾಟಿ ನಾಯೀನೂ ನೋಡ್ತಾರೆ. ಹಸು ಮುಂಗಾಲು ಕುಂಟಿದರೆ ಅರ್ಧ ಗಂಟೆಯಲ್ಲಿ ಡಾಕ್ಟ್ರಿಗೆ ಫೋನ್ ಹೋಗುತ್ತೆ, ಹಾಲು ಕಮ್ಮಿಯಾಗುತ್ತಲ್ಲ. ರಾತ್ರಿಯೆಲ್ಲ ಪಂಪ್‌ಸೆಟ್ ಕೇಬಲ್ ಕಾಯೋ ನಾಯಿ ಕುಂಟಿದರೆ "ಸರಿಹೋಗುತ್ತೆ ಬಿಡು". ಕಳೆದ ವರ್ಷ ನಮ್ಮ ಆಚೆ ತೋಟದಲ್ಲಿ ಕೇಬಲ್ ಕದ್ದರು, ನಮ್ಮ ಕಡೆ ಬರಲಿಲ್ಲ. ಕೆಂಚನ ಆರೈಕೆಗೆ ಹತ್ತಿ, ಗಾಜ್, ಅಯೋಡಿನ್ ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ. ಕೇಬಲ್ ಮೀಟರಿಗೆ ಎಷ್ಟು ಅಂತ ನಿಮಗೇ ಗೊತ್ತು.

ಕೊನೇದಾಗಿ ಗಾಜಿನ ವಿಷಯ. ಮೊದಲು ನಮ್ಮ ನಾಯಿಗಳ ಕಾಲಿಗೆ ಜಾಲಿಮುಳ್ಳು, ನೆಗ್ಗಿಲಮುಳ್ಳು, ಹೆಚ್ಚಂದ್ರೆ ರಾಗಿ ಕೂಳೆ ಚುಚ್ತಾ ಇತ್ತು. ಈಗ ರಾಜಾನುಕುಂಟೆ ಕಡೆಯಿಂದ ಹೆಸರಘಟ್ಟದವರೆಗೂ ಯಾವ ಬದು ಮೇಲೆ ನಡೆದರೂ ಬಿಯರ್ ಬಾಟಲಿ ಚೂರು, ಟೈಲ್ಸ್ ಚೂರು, ಕಟ್ಟಡದ ಬೈಂಡಿಂಗ್ ವೈರ್. ಸಂಜೆ ಕಾರಲ್ಲಿ ಬಂದು ಕುಡಿದು ಒಡೆದು ಹೋಗೋರು ಹೊರಗಿನವರು, ಸರಿ. ಆದರೆ ಲೋಡಿಗೆ ಇಷ್ಟು ಅಂತ ದುಡ್ಡು ತಗೊಂಡು ತಮ್ಮ ಹೊಲದ ಮೂಲೆಗೆ ಕಟ್ಟಡದ ಕಸ ಹಾಕಿಸ್ಕೊಂಡವರು ನಾವೇ. ನಾಯಿ ಕಾಲು ಕುಯ್ದ ಗಾಜು ನಾಳೆ ಕಳೆ ಕೀಳೋ ಹೆಂಗಸರ ಕಾಲನ್ನೂ ಕುಯ್ಯುತ್ತೆ.

ನಮ್ಮ ಕೆರೆ ಏರಿ ಪಕ್ಕದ ಬಂಡಿದಾರಿಯಲ್ಲಿ ಗಾಜು ಆರಿಸೋಕೆ ಈ ಭಾನುವಾರ ಬೆಳಿಗ್ಗೆ ಹೋಗ್ತಾ ಇದ್ದೀನಿ. ಡೇರಿಗೆ ಹಾಲು ಹಾಕಿದವರು ಹಂಗೇ ಬನ್ನಿ. ಗೋಣಿಚೀಲ ನಾನು ತರ್ತೀನಿ, ದಪ್ಪ ಗ್ಲೌಸ್ ನಿಮ್ಮದು ನೀವು ತನ್ನಿ. ಕೆಂಚನ್ನ ಕರ್ಕೊಂಡು ಬರಲ್ಲ, ಹೊಸ ಉಗುರು ಇನ್ನೂ ಜೋಳದ ಕಾಳಿನಷ್ಟೇ ಬಂದಿದೆ.