ಕಚೇರಿಯ ಬೀಗದ ಕೈ

ಬೆಳಗಿನ ಹೊತ್ತು ಮಾಲೂರಿನ ರೈಲ್ವೆ ನಿಲ್ದಾಣವನ್ನು ಕಂಡವರಿಗೆ ನಮ್ಮ ಜಿಲ್ಲೆಯ ಒಂದು ದೊಡ್ಡ ಸಂಕಟವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಓದುಬರಹ ಬಲ್ಲ ತರುಣರು ಬೆಂಗಳೂರಿನ ಗಾಡಿಗೆ ಗುಂಪುಗುಂಪಾಗಿ ಕಾದು ನಿಂತಿರುವರು. ಮುಳಬಾಗಿಲಿನವರಿಗೆ ಬಸ್ಸೇ ಗತಿ. ಈ ಪ್ರಯಾಸಕ್ಕೆ ಬೇಸತ್ತು ಊರನ್ನೇ ಬಿಟ್ಟು ರಾಜಧಾನಿಯಲ್ಲಿ ಬಾಡಿಗೆಯ ಕೊಠಡಿ ಹಿಡಿದವರು ಅನೇಕರು. ವೃದ್ಧರಾದ ತಂದೆತಾಯಿಗಳೂ ಮಾವಿನ ತೋಪೂ ಊರಿನಲ್ಲಿ. ಮಗನ ಸಂಬಳ ಬೆಂಗಳೂರಿನಲ್ಲಿ.

ಹೀಗಿರುವಲ್ಲಿ, ಮನೆಯಲ್ಲಿಯೇ ಕುಳಿತು ಬ್ರೌಸರಿನ ಮೂಲಕ ಕಚೇರಿಯ ಕಂಪ್ಯೂಟರ್ ಜಾಲವನ್ನು ಹೊಗುವ ಮಾರ್ಗವೊಂದು ದೊರೆತಿರುವುದು ಈ ಸೀಮೆಗೆ ಅಲ್ಪ ಲಾಭವಲ್ಲ. 2020ರ ಮಾರ್ಚಿಯಲ್ಲಿ ಕೊರೋನಾ ಜಾಡ್ಯದಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕೆಲಸಗಳು ನಿಲ್ಲದೆ ನಡೆದುದು ಈ ಮಾರ್ಗದಿಂದಲೇ. ಕೇಂದ್ರ ದೂರಸಂಪರ್ಕ ಇಲಾಖೆಯವರು ಕಾಲ್ ಸೆಂಟರು ಮೊದಲಾದ ಸಂಸ್ಥೆಗಳ ಮೇಲಿದ್ದ ನಿಬಂಧನೆಗಳನ್ನು ಆ ತಿಂಗಳೇ ಸಡಿಲಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಹೊಸ ನಿಯಮಗಳನ್ನು ಹೊರಡಿಸಿ, ನೌಕರರು ಮನೆಯಿಂದಲೂ ದೇಶದ ಬೇರಾವ ಸ್ಥಳದಿಂದಲೂ ದುಡಿಯಲು ಅನುಕೂಲ ಮಾಡಿಕೊಟ್ಟರು. ಈಚೆಗಾದರೋ ಅನೇಕ ಕಂಪನಿಗಳವರು ನೌಕರರನ್ನು ಪುನಃ ಕಚೇರಿಗೆ ಕರೆದಿದ್ದಾರೆ. ಅದಕ್ಕೆ ಹೇಳಬಹುದಾದ ಕಾರಣಗಳಲ್ಲಿ ಒಂದು, ಹೊರಗಿನಿಂದ ಒಳಹೊಗುವ ದಾರಿ ಭದ್ರವಲ್ಲವೆಂಬುದು. ಈ ಮಾತನ್ನು ವಾಚಕರು ನಿಷ್ಪಕ್ಷಪಾತವಾಗಿ ಪರಿಶೀಲಿಸಬೇಕೆಂದು ನಮ್ಮ ಬಿನ್ನಹ.

ದೂರದ ವಸ್ತುವನ್ನು ತಂತಿಯ ಮೂಲಕ ಬರಮಾಡಿಕೊಳ್ಳುವುದು ಕೋಲಾರದವರಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 90ಕ್ಕೂ ಹೆಚ್ಚು ಮೈಲಿಗಳ ತಂತಿಯ ಮೇಲೆ ನಮ್ಮ ಚಿನ್ನದ ಗಣಿಗಳಿಗೆ ಬಂದಿತು. ಮುಟ್ಟಿದರೆ ಪ್ರಾಣಾಪಾಯವುಂಟೆಂಬ ಕಾರಣಕ್ಕೆ ಆ ತಂತಿಯನ್ನು ಕಡಿದುಹಾಕಿದವರಿಲ್ಲ; ಎಚ್ಚರಿಕೆಯಿಂದ ಅದನ್ನು ಬಳಸಿಕೊಂಡರು.

ಈಗಿನ ದಾರಿಯ ಕ್ರಮವಾದರೂ ಎಂತಹುದು? ನೌಕರನು ಬ್ರೌಸರಿನಲ್ಲಿ ಸಂಸ್ಥೆಯ ವಿಳಾಸವನ್ನು ಬರೆದೊಡನೆ ಗೇಟ್‌ವೇ ಎಂಬ ಕಾವಲಿನ ಯಂತ್ರವು ಎದುರಾಗುವುದು. ಅದು ಹೆಸರನ್ನೂ ಪಾಸ್‌ವರ್ಡನ್ನೂ ಕೇಳುವುದು. ಅಷ್ಟು ಸಾಲದೆಂದು ಅವನ ಫೋನಿಗೆ ಬಂದ ಅಂಕಿಗಳನ್ನೂ ಕೇಳುವಂತೆ ಏರ್ಪಡಿಸಬಹುದು. ಉಭಯತ್ರರ ವ್ಯವಹಾರವು ಗೂಢಲಿಪಿಯಲ್ಲಿ ನಡೆಯುವುದರಿಂದ ನಡುದಾರಿಯಲ್ಲಿ ಕದ್ದವನಿಗೆ ಅದು ಅರ್ಥವಾಗದು. ಸಾಮಾನ್ಯವಾದ ವಿ.ಪಿ.ಎನ್. ಪದ್ಧತಿಯಲ್ಲಿ ಮನೆಯ ಕಂಪ್ಯೂಟರೇ ಕಚೇರಿಯ ಜಾಲದ ಅಂಗದಂತಾಗುವುದು. ಅದಕ್ಕೆ ತಗುಲಿದ ವೈರಸ್ಸು ಕಚೇರಿಗೂ ಹರಡಬಹುದು. ಬ್ರೌಸರಿನ ದಾರಿಯಲ್ಲಿ ನೌಕರನಿಗೆ ಅಧಿಕಾರವಿರುವ ಕೆಲಸಗಳನ್ನು ಮಾತ್ರ ತೆರೆದುಕೊಡಬಹುದು. ಕಡತವನ್ನು ಕಚೇರಿಯಲ್ಲಿಯೇ ಇರಿಸಿ ಅದರ ಚಿತ್ರವನ್ನಷ್ಟೇ ತೋರಿಸಲೂಬಹುದು. ಬಂದವರನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ ಮಾತನಾಡಿಸುವ ಗೃಹಸ್ಥನು ಉಗ್ರಾಣದ ಬಾಗಿಲನ್ನೂ ತೆರೆದಿಡಬೇಕೆಂದೇನೂ ಇಲ್ಲವಷ್ಟೆ.

ಅಪಾಯವೇ ಇಲ್ಲವೆಂದು ನಾವು ಹೇಳುವವರಲ್ಲ. 2024ರ ಜನವರಿಯಲ್ಲಿ ಐವಾಂಟಿ ಎಂಬ ಕಂಪನಿಯ ಗೇಟ್‌ವೇಗಳಲ್ಲಿ ದೋಷಗಳು ಹೊರಬಿದ್ದು, ಕಳ್ಳರು ಅವುಗಳ ಮೂಲಕ ನುಗ್ಗುತ್ತಿರುವುದು ತಿಳಿಯಲಾಗಿ, ಅಮೆರಿಕದ ಸರ್ಕಾರವು ತನ್ನ ನಾಗರಿಕ ಇಲಾಖೆಗಳೆಲ್ಲ ಅವನ್ನು ಜಾಲದಿಂದ ಕಳಚಬೇಕೆಂದು ಆಜ್ಞೆ ಮಾಡಿತು. ಆದರೆ ದೋಷವನ್ನು ತಿದ್ದಿ, ಹೊಸದಾಗಿ ಅಣಿಮಾಡಿ, ಮರಳಿ ಜೋಡಿಸಿಕೊಳ್ಳುವ ಕ್ರಮವನ್ನೂ ಅದೇ ಆಜ್ಞೆಯಲ್ಲಿ ತಿಳಿಸಿತು. ವಿವೇಕಿಗಳ ರೀತಿ ಇದು.

ನಮ್ಮ ಸೀಮೆಯಲ್ಲಿ ನಾವು ಹೆಚ್ಚಾಗಿ ಅಂಜುವುದು ಯಂತ್ರದ ದೋಷಕ್ಕಲ್ಲ, ನಮ್ಮವರ ದಾಕ್ಷಿಣ್ಯಕ್ಕೆ. ಸರ್ಕಾರದ ಕಡತಗಳೂ ಇಂದು ಇ-ಆಫೀಸ್ ಮೂಲಕ ಬ್ರೌಸರಿನಲ್ಲಿಯೇ ಸಂಚರಿಸುತ್ತಿವೆ. ಸಾಹೇಬರ ಪಾಸ್‌ವರ್ಡು ಗುಮಾಸ್ತನಿಗೆ ಗೊತ್ತು, ಗುಮಾಸ್ತನದು ಆಪರೇಟರಿಗೆ ಗೊತ್ತು ಎಂಬ ವಾಡಿಕೆಯು ಎಲ್ಲಿ ಬೇರೂರುವುದೋ ಅಲ್ಲಿ ಯಾವ ಗೇಟ್‌ವೇಯೂ ಪ್ರಯೋಜನಕ್ಕೆ ಬಾರದು. ಖಜಾನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟು ಊಟಕ್ಕೆ ಹೋಗುವ ಖಜಾಂಚಿಯನ್ನು ನಾವು ಏನೆಂದು ಕರೆಯುವೆವು? ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದವರು ಈ ಸ್ವಭಾವವನ್ನು ಬಲ್ಲವರಾಗಿದ್ದರು. ಆದುದರಿಂದಲೇ ಪಾಸ್‌ವರ್ಡೊಂದನ್ನೇ ನಂಬದೆ ಅಧಿಕಾರಿಯ ಬೆರಳಿನ ಗುರುತನ್ನು ಕೇಳುವ ಏರ್ಪಾಡು ಮಾಡಿದರು. ಖಾತೆಯನ್ನು ಬದಲಾಯಿಸಿದವನು ತಾನಲ್ಲವೆಂದು ನುಣುಚಿಕೊಳ್ಳಲು ಅದರಿಂದ ಎಡೆಯಿಲ್ಲದಾಯಿತು. ರೈತನ ಎರಡೆಕರೆ ಜಮೀನಿನ ಭದ್ರತೆ ಇಂತಹ ಎಚ್ಚರಿಕೆಯಲ್ಲಿದೆ.

ಆದುದರಿಂದ ಆಡಳಿತದವರಿಗೆ ನಮ್ಮ ಸೂಚನೆಯಿಷ್ಟು: ಬಾಗಿಲನ್ನು ಮುಚ್ಚಬೇಡಿರಿ, ಕಾವಲನ್ನು ಬಲಪಡಿಸಿರಿ. ಗೇಟ್‌ವೇಯ ದೋಷಗಳನ್ನು ಕಾಲಕಾಲಕ್ಕೆ ತಿದ್ದಿಸಿರಿ. ಕೆಲಸ ಬಿಟ್ಟು ಹೋದವನ ಹೆಸರನ್ನು ಅಂದೇ ತೆಗೆದುಹಾಕಿರಿ. ನೌಕರರಿಗೂ ಅಧಿಕಾರಿಗಳಿಗೂ ಹೇಳುವುದೇನೆಂದರೆ, ಪಾಸ್‌ವರ್ಡನ್ನೂ ಓ.ಟಿ.ಪಿ.ಯನ್ನೂ ಎಂತಹ ಆಪ್ತನಿಗೂ ಹೇಳತಕ್ಕದ್ದಲ್ಲ. ಬಸ್ ಸ್ಟ್ಯಾಂಡಿನ ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಕಚೇರಿಯನ್ನು ತೆರೆಯತಕ್ಕದ್ದಲ್ಲ. ಕೆಲಸ ಮುಗಿದೊಡನೆ ಲಾಗ್‌ಔಟ್ ಮಾಡದೆ ಏಳತಕ್ಕದ್ದಲ್ಲ. ಸರ್ಕಾರದವರ ಹೊಣೆಯೂ ಒಂದುಂಟು. ಗ್ರಾಮ ಪಂಚಾಯಿತಿಗಳಿಗೆ ಇಂಟರ್‌ನೆಟ್ಟಿನ ತಂತಿ ಎಳೆಯುವ ಯೋಜನೆ, ಇಂದು ಭಾರತ್‌ನೆಟ್ ಎನಿಸಿಕೊಂಡಿರುವುದು, ಮಂಜೂರಾದುದು 2011ರಲ್ಲಿ. ತಂತಿಯನ್ನು ಎಳೆದರೆ ಸಾಲದು, ಅದು ದಿನವೆಲ್ಲ ಜೀವಂತವಾಗಿರಬೇಕು.

ಊರಿನ ವಿದ್ಯಾವಂತನು ಊರಿನಲ್ಲಿಯೇ ಇದ್ದು ದುಡಿದರೆ ಅವನ ಸಂಬಳವು ಊರಿನ ಅಂಗಡಿಯಲ್ಲಿ ಖರ್ಚಾಗುವುದು. ಅವನ ಬುದ್ಧಿಯು ಊರಿನ ಶಾಲೆಗೂ ಪಂಚಾಯಿತಿಗೂ ಒದಗುವುದು. ಇಂತಹ ಭಾಗ್ಯವು ಕಳ್ಳನ ಭಯದಿಂದಾಗಲಿ ನಮ್ಮ ಅಜಾಗರೂಕತೆಯಿಂದಾಗಲಿ ಕೈಬಿಟ್ಟುಹೋಗಬಾರದು. ಬೀಗದ ಕೈಯನ್ನು ಜೋಪಾನವಾಗಿ ಕಾಪಾಡುವವನಿಗೆ ಬಾಗಿಲನ್ನು ತೆರೆಯಲು ಯಾರೂ ಹಿಂದೆಗೆಯಬೇಕಾಗಿಲ್ಲ.