ಪುಟಕ್ಕೊಂದು ಕಾಯಕ

ಮನೆಮನೆಗಳಿಂದ ಓಲೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ನಾಡಿಗಿತ್ತವರು ಡಾ. ಫ. ಗು. ಹಳಕಟ್ಟಿಯವರು. ಅವರು ಲಿಂಗೈಕ್ಯರಾದುದು 1964ರಲ್ಲಿ. ಅಲ್ಲಿಂದ ಅರವತ್ತು ವರ್ಷಗಳ ಹಕ್ಕುಸ್ವಾಮ್ಯದ ಅವಧಿ 2024ರ ಅಂತ್ಯಕ್ಕೆ ಮುಗಿದು, ಅವರ ಬರಹಗಳು ಈಗ ಸರ್ವರ ಸೊತ್ತಾಗಿವೆ. ಅವುಗಳನ್ನು ಉಳಿಸುವ ಹೊಣೆಯೂ ಸರ್ವರದೇ ಅಲ್ಲವೇ?

ಇಂದು ಅಂಕಿತ ಬದಲಾದ, ಸಾಲು ತಪ್ಪಿದ ವಚನಗಳು ಮೊಬೈಲುಗಳಲ್ಲಿ ಹರಿದಾಡುತ್ತಿವೆ. ನಮ್ಮ ಮಕ್ಕಳು ಅವನ್ನೇ ನಿಜವೆಂದು ನಂಬುತ್ತಾರೆ. ಇದಕ್ಕೆ ಗೊಣಗಾಟ ಮದ್ದಲ್ಲ. ಶುದ್ಧ ಪಾಠ ಎಲ್ಲರ ಕೈಗೆಟುಕಬೇಕು.

ಅಂತರಜಾಲದ ಮುಕ್ತ ಗ್ರಂಥಭಂಡಾರವಾದ ಕನ್ನಡ ವಿಕಿಸೋರ್ಸ್ ಇದಕ್ಕೆ ದಾರಿ ತೋರಿದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕದ ಪುಟದ ಚಿತ್ರ ಒಂದೆಡೆ, ಬೆರಳಚ್ಚಿಸಿದ ಪಾಠ ಮತ್ತೊಂದೆಡೆ. ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಗುರುತು. ಬೇರೊಬ್ಬರು ಮೂಲದೊಡನೆ ಹೋಲಿಸಿ ಒಪ್ಪಿದ ಮೇಲೆ ಹಸಿರು. ತಾನು ತಿದ್ದಿದ್ದನ್ನು ತಾನೇ ಒಪ್ಪುವಂತಿಲ್ಲ. ಒಬ್ಬರ ನುಡಿಯನ್ನು ಹಲವರು ಒರೆಗೆ ಹಚ್ಚುವ ಈ ಕ್ರಮ ಅನುಭವ ಮಂಟಪದ ಪರಂಪರೆಯವರಾದ ನಮಗೆ ಹೊಸದಲ್ಲ.

ಹಳೆಯ ಮುದ್ರಣವನ್ನು ಓದಬಲ್ಲ ಹಿರಿಯರು, ಬೆರಳಚ್ಚು ಬಲ್ಲ ಕಿರಿಯರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರಿಬ್ಬರೂ ಜೊತೆಗೆ ಕುಳಿತು ವಾರಕ್ಕೊಂದು ಪುಟ ತಿದ್ದಿದರೂ ಅದು ಕಾಯಕವೇ. ನಾಡಿಗೆ ಸಲ್ಲುವ ದಾಸೋಹವೇ.