ನಪಾಸಾದವರು ಯಾರು?

ಎಸ್.ಎಸ್.ಎಲ್.ಸಿ. ಪಾಸಿನ ಗೆರೆಯನ್ನು ನೂರಕ್ಕೆ 35ರಿಂದ 33ಕ್ಕೆ ಇಳಿಸುವುದಾಗಿ 2025ರ ಅಕ್ಟೋಬರಿನಲ್ಲಿ ರಾಜ್ಯದ ಶಿಕ್ಷಣ ಮಂತ್ರಿಗಳು ಸಾರಿದರು. ಒಟ್ಟು 625 ಅಂಕಗಳಲ್ಲಿ 206 ಬಂದು, ಯಾವ ವಿಷಯದಲ್ಲಿಯೂ 30ಕ್ಕಿಂತ ಕಡಿಮೆಯಾಗದಿದ್ದರೆ ಹುಡುಗ ಪಾಸು. "ಒಳ್ಳೇದೇ ಆಯಿತು, ಬಡವರ ಮಕ್ಕಳಿಗೆ ಒಂದು ವರ್ಷ ಉಳಿಯಿತು" ಎಂದರು ಗಿರಣಿ ಬಾಗಿಲಲ್ಲಿ ಚಹ ಕುಡಿಯುತ್ತಿದ್ದ ಗೆಳೆಯರು. ಅವರ ಸಂತೋಷ ಕೆಡಿಸುವ ಇಚ್ಛೆ ನನಗಿಲ್ಲ. ಆದರೆ ಒಂದು ಮಾತು ಕೇಳದೆ ವಿಧಿಯಿಲ್ಲ. ಗೆರೆ ಇಳಿದಷ್ಟು ಸುಲಭವಾಗಿ ನಮ್ಮ ಶಾಲೆಗಳಿಗೆ ಗಣಿತದ ಮಾಸ್ತರು ಬಂದರೆ?

ಅಂಗಡಿಕಾರ ಮಿತ್ರರಿಗೆ ಈ ಲೆಕ್ಕ ಬೇಗ ತಿಳಿದೀತು. ನಿಮ್ಮ ತಕ್ಕಡಿಗೆ, ತೂಕದ ಕಲ್ಲಿಗೆ ಇಲಾಖೆಯ ಮುದ್ರೆ ಬೇಕು, ಇಲ್ಲದಿದ್ದರೆ ದಂಡ. ಇನ್ನು ಸರಕಾರದ ತಕ್ಕಡಿಯನ್ನು ನೋಡಿ. 2023ರಲ್ಲಿ ನೂರಕ್ಕೆ 83.89 ಮಂದಿ ಪಾಸಾದರು. 2024ರಲ್ಲಿ ಪರೀಕ್ಷೆಯ ಕೋಣೆಗಳಿಗೆ ಕ್ಯಾಮರಾ ಕಟ್ಟಿ, ಅಧಿಕಾರಿಗಳು ಕಚೇರಿಯಲ್ಲಿ ಕುಳಿತು ನೋಡುವ ಏರ್ಪಾಡಾಯಿತು, ಅಂಕೆ 73.40ಕ್ಕೆ ಬಿದ್ದಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿ ಕೈಹಿಡಿದು ಎತ್ತಿದ ಮೇಲೆ! 2025ರಲ್ಲಿ ಆ ಹೆಚ್ಚಿನ ಕೃಪೆಯನ್ನು ತೆಗೆದರು; ಮೊದಲ ಪರೀಕ್ಷೆಯಲ್ಲಿ ಪಾಸಾದವರು 62.34. ಅಂದರೆ ಎಂಟು ಲಕ್ಷ ನಲವತ್ತೆರಡು ಸಾವಿರ ಮಕ್ಕಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ನಪಾಸು. ಮೂರು ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾಗಿಬಿಟ್ಟರೆ? ಇಲ್ಲ. ಮಕ್ಕಳು ಅವರೇ, ಮಾಸ್ತರರು ಅವರೇ. ವರ್ಷಕ್ಕೊಂದು ಕಲ್ಲು ಬದಲಾಯಿತು. ಈಗ 33ರ ಗೆರೆಯಿಂದ ಅಂಕೆ ಮೇಲೇರಿದರೆ, ಅದನ್ನು ಕಲಿಕೆಯ ಏರಿಕೆಯೆಂದು ನಂಬಬೇಕೆ?

ಜಿಲ್ಲೆಗಳ ಲೆಕ್ಕವೂ ಹೀಗೆಯೇ. 2025ರ ಆ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ 91.12, ಕಲಬುರಗಿ 42.43. ಪ್ರಶ್ನೆಪತ್ರಿಕೆ ಒಂದೇ. ಮಂಗಳೂರಿನ ಹುಡುಗನ ತಲೆಯಲ್ಲಿ ಬೇರೆ ಮಿದುಳು ಇಟ್ಟಿಲ್ಲ. ಹತ್ತಿ ಬಿಡಿಸುವ ಹೊತ್ತಿಗೆ ಮಗುವನ್ನು ಹೊಲಕ್ಕೆ ಕರೆದೊಯ್ಯುವ ಮನೆ, ಕೆಲಸ ಹುಡುಕಿಕೊಂಡು ಮುಂಬಯಿಗೋ ಬೆಂಗಳೂರಿಗೋ ಗುಳೆ ಹೋಗುವ ತಂದೆತಾಯಿ, ಮಾಸ್ತರ ಕುರ್ಚಿ ಬರಿದಾದ ಶಾಲೆ — ಇವು ಯಾವ ಅಂಕಪಟ್ಟಿಯಲ್ಲಿಯೂ ಬರುವುದಿಲ್ಲ. ಬರುವುದು ಹುಡುಗನ ಹೆಸರು, ಅದರೆದುರು "ಅನುತ್ತೀರ್ಣ" ಎಂಬ ಒಂದು ಮಾತು. ತಪ್ಪು ಒಬ್ಬರದು, ಖಾತೆ ಇನ್ನೊಬ್ಬರದು. ಮರುವಾರವೇ ಆ ಹುಡುಗ ಗ್ಯಾರೇಜಿನಲ್ಲೋ ಗಿರಣಿಯ ಹಮಾಲಿಯಲ್ಲೋ ನಿಂತಿರುತ್ತಾನೆ.

ಫಲಿತಾಂಶ ಬಿದ್ದೊಡನೆ ಮೇಲಿನಿಂದ ನೋಟೀಸು ಇಳಿಯತೊಡಗುತ್ತದೆ. ಬೆಂಗಳೂರಿನಿಂದ ಉಪನಿರ್ದೇಶಕರಿಗೆ, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅವರಿಂದ ಹೆಡ್‌ಮಾಸ್ತರರಿಗೆ. ಹೆಡ್‌ಮಾಸ್ತರರು ಯಾರಿಗೆ ಕೊಡಬೇಕು? ಮಾಸ್ತರನಿಗೆ. ಅವನು ಹುಡುಗನಿಗೆ. ಅಲ್ಲಿಂದ ಕೆಳಗೆ ಯಾರೂ ಇಲ್ಲ. ನಾನು ಕೆಲವು ವರ್ಷ ಮಾಸ್ತರಿಕೆ ಮಾಡಿದವನು. ನೋಟೀಸು ಬಂದ ಶಾಲೆಯಲ್ಲಿ ಏನು ನಡೆಯುತ್ತದೆಂದು ಬಲ್ಲೆ. ಪಾಠ ನಿಲ್ಲುತ್ತದೆ. "ಪಾಸಿಂಗ್ ಪ್ಯಾಕೇಜು" ಎಂಬ ನಾಲ್ಕಾರು ಹಾಳೆ ಬರುತ್ತವೆ: ಇಷ್ಟು ಪ್ರಶ್ನೆ, ಇಷ್ಟು ನಕ್ಷೆ, ಇಷ್ಟು ಪ್ರಮೇಯ. ಬೆಳಿಗ್ಗೆ ಸಂಜೆ ಅದನ್ನೇ ಉರುಹೊಡೆಸುವುದು. ಪ್ರಮೇಯದ ಹುರುಳು ತಿಳಿಯದ ಹುಡುಗ ಅದನ್ನು ಮಂತ್ರದಂತೆ ಒಪ್ಪಿಸುತ್ತಾನೆ. ಫಲಿತಾಂಶದ ಮಾನ ಉಳಿಸಲು, ಕುಂಟುವ ಹುಡುಗನನ್ನು ಒಂಬತ್ತರಲ್ಲಿಯೇ "ಬೇರೆ ಶಾಲೆ ನೋಡಿಕೊಳ್ಳಿ" ಎಂದು ಟಿ.ಸಿ. ಕೊಟ್ಟು ಸಾಗಹಾಕಿದ್ದನ್ನೂ ಕಂಡಿದ್ದೇನೆ. ಎಲ್ಲ ಕಡೆ ಹೀಗೆಂದು ಹೇಳಲಾರೆ.

ಆ ಹೆಡ್‌ಮಾಸ್ತರನನ್ನು ಬೈದರೂ ಪ್ರಯೋಜನವಿಲ್ಲ. ಅವರ ಒಂದು ದಿನ ನೋಡಿ. ಹಾಲಿನ ಪುಡಿ ಎಷ್ಟು, ಮೊಟ್ಟೆ ಎಷ್ಟು, ಅಕ್ಕಿ ಬೇಳೆಯ ದಾಸ್ತಾನೆಷ್ಟು, ಕಂಪ್ಯೂಟರಿನಲ್ಲಿ ಮಕ್ಕಳ ಹೆಸರು ಏರಿತೆ ಇಲ್ಲವೆ, ಮಧ್ಯೆ ಕಚೇರಿಯಿಂದ ಫೋನು. ಹಲವೆಡೆ ಅವರು ಹೆಡ್‌ಮಾಸ್ತರರೂ ಅಲ್ಲ, "ಪ್ರಭಾರಿ". ಇದ್ದ ಮಾಸ್ತರರಲ್ಲೇ ಹಿರಿಯರನ್ನು ಹಿಡಿದು ಕೂರಿಸಿದ್ದು. ಅವರು ತಮ್ಮ ಪಾಠವನ್ನೂ ಬಿಡುವಂತಿಲ್ಲ, ಇನ್ನೊಬ್ಬರ ಪಾಠ ನೋಡಲು ಬಿಡುವೂ ಇಲ್ಲ. ತರಗತಿಯ ಹಿಂಬೆಂಚಿನಲ್ಲಿ ಕೂತು "ಈ ಲೆಕ್ಕ ಮಕ್ಕಳಿಗೆ ಹೊಳೆಯಲಿಲ್ಲ, ನಾಳೆ ಹೀಗೆ ಹೇಳಿ ನೋಡಿ" ಎನ್ನುವವನೇ ನಿಜವಾದ ಹೆಡ್‌ಮಾಸ್ತರ. ಅಂಥವರನ್ನು ಗುಮಾಸ್ತರನ್ನಾಗಿ ಮಾಡಿ, ವರ್ಷದ ಕೊನೆಗೆ ಶೇಕಡಾವಾರು ಕೇಳಿದರೆ ಎಲ್ಲಿಂದ ಬಂದೀತು?

ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು. ಒಳ್ಳೆಯ ಹೆಸರು! ಅತಿಥಿಗೆ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000 ರೂಪಾಯಿ, ಬೇಸಗೆಯಲ್ಲಿ ಅದೂ ಇಲ್ಲ. ಪಾಠ ಮಾತ್ರ ಕಾಯಂ ಮಾಸ್ತರನಷ್ಟೇ. ಬದಲಿ ಕೂಲಿಯೆಂದರೇನು ಎಂಬುದನ್ನು ಗಿರಣಿಯ ಗೆಳೆಯರಿಗೆ ನಾನು ವಿವರಿಸಬೇಕಾಗಿಲ್ಲ.

ಇದ್ದ ಮಾಸ್ತರರಾದರೂ ಶಾಲೆಯಲ್ಲಿದ್ದರೆ? 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅವರನ್ನು ಮನೆಮನೆಗೆ ಕಳಿಸಲಾಯಿತು. ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಹಿಂದುಳಿದವರ ಸ್ಥಿತಿ ತಿಳಿಯಲೇಬೇಕು. ಆದರೆ ಹಿಂದುಳಿದವರ ಮಕ್ಕಳ ಪಾಠ ನಿಲ್ಲಿಸಿ ಅವರು ಹಿಂದುಳಿದದ್ದೇಕೆ ಎಂದು ಬರೆದುಕೊಳ್ಳುವುದು ಯಾವ ನ್ಯಾಯ? ದಶವಾರ್ಷಿಕ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಮಾಸ್ತರರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಓದುಬರಹ ಬಲ್ಲ ನಿರುದ್ಯೋಗಿ ತರುಣರು ಊರೂರಿನಲ್ಲಿ ಕೂತಿದ್ದಾರೆ. ದಿನಗೂಲಿ ಕೊಟ್ಟು ಅವರನ್ನು ಕರೆಯಬಹುದಿತ್ತು.

ಪರೀಕ್ಷೆಯ ಹುಚ್ಚು ಚಿಕ್ಕ ಮಕ್ಕಳನ್ನೂ ಬಿಡಲಿಲ್ಲ. 5, 8, 9ನೆಯ ತರಗತಿಗಳಿಗೂ ಬೋರ್ಡಿನ ಪ್ರಶ್ನೆಪತ್ರಿಕೆ ಬರಬೇಕೆಂದು ಹಟ. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರು. 12ರಂದು ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆದುಹಾಕಿತು. ಪರೀಕ್ಷೆ ನಡುವೆಯೇ ನಿಂತಿತು. 25ರಂದು ಮತ್ತೆ ಶುರು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆಯೊಡ್ಡಿತು. ಹತ್ತು ವರ್ಷದ ಕೂಸು ಇಂದು ಪರೀಕ್ಷೆ ಉಂಟೋ ಇಲ್ಲವೋ ಎಂದು ಪೆನ್ಸಿಲ್ ಹಿಡಿದು ಕೂತಿರಬೇಕು, ಸರಕಾರ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಿರಬೇಕು! ಎಂಟನೆಯ ತರಗತಿ ಮುಗಿಯುವವರೆಗೆ ಮಗು ಯಾವ ಬೋರ್ಡ್ ಪರೀಕ್ಷೆಯನ್ನೂ ಪಾಸಾಗಬೇಕಾಗಿಲ್ಲವೆಂದು ಅದೇ ಕಾಯಿದೆಯ 30ನೆಯ ಕಲಮು ಬರೆದಿಟ್ಟಿದೆ. ಯಾರನ್ನೂ ನಪಾಸು ಮಾಡುವುದಿಲ್ಲವೆಂದು ಸರಕಾರ ವಾದಿಸಿತು. ಹಾಗಿದ್ದರೆ ಊರ ಮಾಸ್ತರ ಪ್ರಶ್ನೆ ಬರೆದರೆ ಸಾಲದೆ? ಶನಿವಾರ ಹತ್ತು ಲೆಕ್ಕ ಕೊಟ್ಟು, ಯಾರು ಕಳೆಯುವಲ್ಲಿ ಎಡವಿದರೆಂದು ನೋಡಿ, ಸೋಮವಾರ ಅವರನ್ನು ಹತ್ತಿರ ಕೂರಿಸಿಕೊಳ್ಳುವುದೇ ನನ್ನ ಬುದ್ಧಿಗೆ ಪರೀಕ್ಷೆ. ಅದಕ್ಕೆ ಬೆಂಗಳೂರು ಬೇಡ, ಮಾಸ್ತರ ಬೇಕು.

ಒಂದು ಮೆಚ್ಚತಕ್ಕ ಸಂಗತಿ ಇದೆ, ಹೇಳದಿದ್ದರೆ ತಪ್ಪಾದೀತು. ವರ್ಷಕ್ಕೆ ಮೂರು ಸಲ ಎಸ್.ಎಸ್.ಎಲ್.ಸಿ. ಬರೆಯುವ ಅವಕಾಶ 2024ರಲ್ಲಿ ಬಂದಿತು. ಬಿದ್ದ ಹುಡುಗಿ ಎದ್ದು ಬರೆಯಬಹುದು. ಮದುವೆಯ ಮಾತು ಅಷ್ಟು ದೂರ ಹೋಗುತ್ತದೆ.

ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಪಾಲಕರಾದ ನಿಮಗೇ ಜಾಗವಿದೆ. ಆದರೆ ಸಭೆ ಸೇರುವುದು ಹಗಲು ಹನ್ನೊಂದಕ್ಕೆ. ಆಗ ನೀವು ಪಾಳಿಯಲ್ಲಿ, ಇಲ್ಲವೆ ಗಲ್ಲದ ಮೇಲೆ. ಸಭೆ ವಾರದ ರಜೆಯ ದಿನ ಸಂಜೆ ಕರೆಯಬೇಕೆಂದು ಹತ್ತು ಜನ ಸಹಿ ಹಾಕಿ ಬರೆದುಕೊಡಿ. ಅಲ್ಲಿ ಶೇಕಡಾವಾರು ಕೇಳಬೇಡಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದೆಷ್ಟು, ಪ್ರಭಾರಿ ಎಂದಿನಿಂದ, ಹೋದ ತಿಂಗಳು ಗಣಿತದ ಪಾಠ ನಡೆದದ್ದು ಎಷ್ಟು ದಿನ, ಇವನ್ನು ಕೇಳಿ. ಉತ್ತರಗಳನ್ನು ಬರೆದುಕೊಂಡು ಈ ಪತ್ರಿಕೆಯ ಕಚೇರಿಗೆ ತಂದುಕೊಡಿ. ಶಾಲೆಯ ಹೆಸರಿನೆದುರು ಖಾಲಿ ಕುರ್ಚಿಗಳ ಲೆಕ್ಕವನ್ನು ವಾರವಾರ ಅಚ್ಚು ಹಾಕೋಣ.